ಅಂಗೈಯಗಲದ ಪಿಸ್ತೂಲಿಗೊಂದು ಜೇಬು

ನನ್ನ ಮೊಮ್ಮಗಳಿಗೆ ಆಗ ಎಂಟು ತಿಂಗಳು. ಕೆಳಗೆ ಎರಡು ಹಲ್ಲು ಬಂದಿದ್ದವು. ಆ ಎರಡೇ ಹಲ್ಲಿನಿಂದ ಅವಳು ನನ್ನ ಅಳತೆ ಟೇಪನ್ನು ಕಚ್ಚಿ ಕಚ್ಚಿ ಹನ್ನೆರಡರಿಂದ ಹದಿನೈದು ಇಂಚಿನವರೆಗಿನ ಅಂಕಿಗಳನ್ನೇ ಅಳಿಸಿಹಾಕಿದ್ದಳು. ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವನು ನಾನು. ಅಂಗಡಿಯಲ್ಲಿ ಯಾರಾದರೂ ಟೇಪು ಮುಟ್ಟಿದರೆ ರೇಗಾಡುತ್ತಿದ್ದೆ. ಇವಳು ಕಚ್ಚಿದರೆ ಮಾತ್ರ, "ಕಚ್ಚು ಪುಟ್ಟಿ, ಇನ್ನೂ ನಲವತ್ತೈದು ಇಂಚು ಬಾಕಿ ಇದೆ" ಎನ್ನುತ್ತಿದ್ದೆ. ಅವಳು ಒಂದು ಸಲ ಕಣ್ಣೆತ್ತಿ ನೋಡಿ ನಕ್ಕರೆ ಸಾಕು, ನನಗೆ ಆ ದಿನ ಊಟ ಬೇಡವೆನಿಸುತ್ತಿತ್ತು. ಇಂಥ ಮಗು ಲೋಕದಲ್ಲಿ ಇನ್ನೊಂದಿಲ್ಲ. ಎಲ್ಲ ಅಜ್ಜಂದಿರೂ ಹೀಗೇ ಹೇಳುತ್ತಾರೆ, ನನಗೆ ಗೊತ್ತು. ಅವರು ಸುಳ್ಳು ಹೇಳುತ್ತಾರೆ.

ಮಗುವನ್ನು ನೋಡಿಕೊಳ್ಳಲೆಂದು ನಾನು ಆರು ತಿಂಗಳ ವಿಸಿಟರ್ ವೀಸಾದಲ್ಲಿ ಸ್ಯಾಂಟಾ ಕ್ಲಾರಿಟಾದ ಮಗಳ ಮನೆಗೆ ಹೋಗಿದ್ದೆ. ನನ್ನಾಕೆ ಇದ್ದಿದ್ದರೆ ಅವಳೇ ಹೋಗುತ್ತಿದ್ದಳು. ಅವಳಿಲ್ಲದ್ದರಿಂದ ಎಣ್ಣೆ ನೀರು ಹಾಕುವುದನ್ನೂ ರಾಗಿ ಸರಿ ಕಾಯಿಸುವುದನ್ನೂ ಈ ವಯಸ್ಸಿನಲ್ಲಿ ನಾನೇ ಕಲಿತೆ. ಮಗಳು ಕೊರೋನಾ ಕಾಲದಲ್ಲಿ ಕಂಪ್ಯೂಟರ್ ಕೆಲಸ ಬಿಟ್ಟು ಮನೆ ಮಾರಿಸಿಕೊಡುವ ಕೆಲಸ ಹಿಡಿದಿದ್ದಳು. ಮಾರಾಟಕ್ಕಿರುವ ಖಾಲಿ ಮನೆಗಳ ಬೀಗ ತೆಗೆದು, ಕೊಳ್ಳಲು ಬಂದವರಿಗೆ ಕೋಣೆ ಕೋಣೆ ತೋರಿಸುವುದು. ಬಂದವರು ಯಾರೋ ಏನೋ. ಅವಳೊಬ್ಬಳೇ.

ಒಂದು ಮಧ್ಯಾಹ್ನ ಹೀಗೆ ಮನೆ ನೋಡಲು ಬಂದ ಒಬ್ಬ ಮುಂಬಾಗಿಲ ಚಿಲಕವನ್ನು ಒಳಗಿನಿಂದ ಹಾಕಿ ಅದಕ್ಕೇ ಒರಗಿ ನಿಂತನಂತೆ. ಏನೂ ಮಾಡಲಿಲ್ಲ, ನಗುತ್ತಾ ನಿಂತಿದ್ದನಂತೆ. ಇವಳು ಅಡುಗೆಮನೆ ತೋರಿಸುವವಳಂತೆ ನಡೆದು, ಗ್ಯಾರೇಜಿನ ಬಾಗಿಲಿಂದ ಹೊರಗೆ ಓಡಿ ಕಾರು ಹತ್ತಿದಳು. ಮನೆಗೆ ಬಂದು ಮಗುವನ್ನು ಎತ್ತಿಕೊಂಡು ಒಂದು ಗಂಟೆ ಕೆಳಗಿಳಿಸಲಿಲ್ಲ. ಅದಾದ ಮೇಲೆ ಪಿಸ್ತೂಲಿನ ಮಾತು ಶುರುವಾಯಿತು. ಮೈಮೇಲೆ ಕಾಣದಂತೆ ಇಟ್ಟುಕೊಂಡು ಓಡಾಡಲು ಅಲ್ಲಿ ಪರ್ಮಿಟ್ ಕೊಡುತ್ತಾರೆ. ಅದಕ್ಕೆ ಪಾಠ ಕೇಳಬೇಕು, ಆಮೇಲೆ ತಾನು ಇಟ್ಟುಕೊಳ್ಳುವ ಪಿಸ್ತೂಲಿನಿಂದಲೇ ಗುರಿ ಹೊಡೆದು ಪರೀಕ್ಷೆ ಪಾಸಾಗಬೇಕು.

"ಮಗು ಇರೋ ಮನೆಗೆ ಪಿಸ್ತೂಲು ತರ್ತೀಯೇನಮ್ಮಾ?" ಎಂದೆ.

"ಪೆಟ್ಟಿಗೇಲಿ ಇರುತ್ತೆ ಅಪ್ಪಾಜಿ. ನನ್ನ ಬೆರಳು ಒತ್ತಿದ್ರೆ ಮಾತ್ರ ತೆಗೆಯೋದು. ಇದಿಲ್ಲದೆ ನಾನು ಇನ್ನೊಂದು ಖಾಲಿ ಮನೆಗೆ ಕಾಲಿಡಲ್ಲ. ಕೆಲಸ ಬಿಡು ಅಂತೀರಾ?"

ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಇಟ್ಟುಕೋ ಎನ್ನಲೂ ಬರಲಿಲ್ಲ. ಅಳಿಯನ ಮುಖ ನೋಡಿದೆ. ಅವನು ಮಗುವಿನ ಮುಖ ನೋಡಿದ. ಮಗು ಟೇಪು ಕಚ್ಚುತ್ತಿತ್ತು.

ಎರಡು ದಿನ ಬಿಟ್ಟು ಮಗಳು ತನ್ನ ಪ್ಯಾಂಟು ಹಿಡಿದುಕೊಂಡು ಬಂದು ನನ್ನ ಪಕ್ಕ ಕುಳಿತಳು.

"ಅಪ್ಪಾಜಿ, ಊರಲ್ಲಿ ಸಂತೆಗೆ ಹೋಗೋರ ಪಟ್ಟಾಪಟ್ಟಿ ಚಡ್ಡಿಗೆ ಕಳ್ಳಜೇಬು ಹೊಲೀತಿದ್ರಲ್ಲ, ಯಾರ ಕಣ್ಣಿಗೂ ಕಾಣದ ಹಾಗೆ. ಅಂಥದ್ದು ನಂಗೊಂದು ಬೇಕು."

ಅಯ್ಯೋ, ನನಗಾದ ಸಂತೋಷ! ಇಷ್ಟು ಓದಿದ ಮಗಳಿಗೆ, ಇಷ್ಟು ದೂರದ ದೇಶದಲ್ಲಿ, ನಾಲ್ಕನೇ ಕ್ಲಾಸು ಕಂಡ ಅಪ್ಪನ ಕೆಲಸ ಬೇಕಾಗಿತ್ತು. ಯಾತಕ್ಕೆ ಬೇಕಾಗಿತ್ತು ಎಂಬುದು ಒಂದು ಗಳಿಗೆ ಮರೆತೇಹೋಯಿತು. "ಎಲ್ಲಿ, ಸಾಮಾನು ಕೊಡು, ಅಳತೆ ತಗೋತೀನಿ" ಎಂದೆ.

ಅಳಿಯ ತಡೆದ. "ಮಾವ, ವಿಸಿಟರ್ ವೀಸಾದಲ್ಲಿ ಬಂದೋರು ಗನ್ ಮುಟ್ಟೋ ಹಾಗಿಲ್ಲ. ನಾಳೆ ತಂದ್ಮೇಲೂ ಅಷ್ಟೆ, ನೋಡಬಹುದು, ಕೈಲಿ ಹಿಡಿಯೋ ಹಾಗಿಲ್ಲ."

"ಮುಟ್ಟದೆ ಹೊಲಿಯೋದು ಹೆಂಗಪ್ಪಾ?"

ಜೀವಮಾನವಿಡೀ ನಾನು ಕೈಯಲ್ಲಿ ಮುಟ್ಟಿ ತಿಳಿದವನು. ಬಟ್ಟೆ ನೀರಿಗೆ ಕುಗ್ಗುತ್ತದೋ ಇಲ್ಲವೋ ಎಂಬುದನ್ನು ಎರಡು ಬೆರಳಿನ ನಡುವೆ ಉಜ್ಜಿ ಹೇಳುತ್ತಿದ್ದೆ. ಆದರೆ ಕಾನೂನು ಕಾನೂನೇ. ಕಡೆಗೆ ಮಗಳು ತನಗೆ ಹಿಡಿಸಿದ ಮೂರು ಪಿಸ್ತೂಲುಗಳ ಚಿತ್ರವನ್ನು ಅವುಗಳ ನಿಜವಾದ ಅಳತೆಯಲ್ಲೇ ಕಾಗದಕ್ಕೆ ಇಳಿಸಿಕೊಟ್ಟಳು. ಆ ದೇಶದಲ್ಲಿ ದಿನಕ್ಕೊಂದು ರಟ್ಟಿನ ಪೆಟ್ಟಿಗೆ ಬಾಗಿಲಿಗೆ ಬಂದು ಬೀಳುತ್ತದೆ. ನಾನು ಕಾಗದವನ್ನು ರಟ್ಟಿಗೆ ಅಂಟಿಸಿ, ಎರಡೆರಡು ಪದರ ಸೇರಿಸಿ, ಮೂರು ರಟ್ಟಿನ ಪಿಸ್ತೂಲು ಕತ್ತರಿಸಿದೆ. ಒಂದೊಂದನ್ನೂ ಅವಳ ಪ್ಯಾಂಟಿನ ಜೇಬಿಗೆ ಹಾಕಿ, ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಸಿದೆ. ಬಗ್ಗು ಎಂದೆ, ಕೂರು ಎಂದೆ, ಮಗುವನ್ನು ಎತ್ತಿಕೊ ಎಂದೆ. ದೊಡ್ಡದು ಸೊಂಟದ ಹತ್ತಿರ ಉಬ್ಬಿ ಕಾಣುತ್ತಿತ್ತು. ನಡುವಿನದು ಬಗ್ಗಿದರೆ ತನ್ನ ಮೂಲೆ ತೋರಿಸುತ್ತಿತ್ತು. ಎಲ್ಲಕ್ಕಿಂತ ಸಣ್ಣದು, ನನ್ನ ಅಂಗೈಯಷ್ಟೇ ಅಗಲದ್ದು, ಜೇಬಿನಲ್ಲಿ ಮಡಿಸಿಟ್ಟ ಕರವಸ್ತ್ರದ ಹಾಗೆ ಕುಳಿತುಬಿಟ್ಟಿತು.

"ಇದೇ" ಎಂದೆ. ಮದುವಣಗಿತ್ತಿಗೆ ರವಿಕೆ ಬಟ್ಟೆ ಆರಿಸಿಕೊಟ್ಟ ಹೆಮ್ಮೆ.

"ಗನ್ ಅಂಗಡಿಯೋನು ಸಣ್ಣದು ಕೈಗೆ ಜಾಸ್ತಿ ಒದೆಯುತ್ತೆ ಅಂದ" ಎಂದಳು ಮಗಳು.

"ಅವನು ದೊಡ್ಡದು ಮಾರೋಕೆ ಹಂಗಂತಾನೆ. ಸಣ್ಣದು ಎಲ್ಲಾದ್ರೂ ಜಾಸ್ತಿ ಒದೆಯುತ್ತಾ? ಆಡಿನ ಮರಿ ಒದ್ದಂಗೆ ಒದೆಯುತ್ತೆ, ಎಮ್ಮೆ ಒದ್ದಂಗಲ್ಲ."

ಅವಳೂ ನಕ್ಕಳು. ಸಣ್ಣದನ್ನೇ ತನ್ನ ಹೆಸರಿಗೆ ಬರೆಸಿದಳು.

ಅಲ್ಲಿಯ ಕಾನೂನಿನಂತೆ ಅಂಗಡಿಯಲ್ಲಿ ಹತ್ತು ದಿನ ಕಾಯಿಸಿ ಕೊಟ್ಟರು. ತಂದ ದಿನ ಒಳಗೆ ಗುಂಡಿಲ್ಲವೆಂದು ತೆರೆದು ತೋರಿಸಿ, ಊಟದ ಮೇಜಿನ ಮೇಲೆ ಟವೆಲ್ ಹಾಸಿ ಇಟ್ಟಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದೆ, ಮಿಠಾಯಿ ಅಂಗಡಿ ಮುಂದೆ ನಿಂತ ಮಗುವಿನ ಹಾಗೆ. "ತೂಕ ಎಷ್ಟಿದೆ?" ಎಂದು ಕೇಳಿದೆ. "ನಿಮ್ಮ ಕತ್ತರಿಗಿಂತ ಹಗುರ" ಎಂದಳು. ಪಾಪ, ಇಷ್ಟೇನಾ ಎನಿಸಿತು. ಬಟ್ಟೆಯ ಹಿಂದೆ ಗಟ್ಟಿ ಕ್ಯಾನ್ವಾಸು ಕೊಟ್ಟು, ಬಾಯಿ ಅಗಲ ಬಿಟ್ಟು, ಅವಳು ತಂದಿದ್ದ ಚರ್ಮದ ಒರೆ ಅಲುಗದಂತೆ ಹಿಡಿಸುವ ಜೇಬು ಹೊಲಿದೆ. ಅಂಥ ಜೇಬನ್ನು ನಾನು ಮತ್ತೆ ಹೊಲಿದಿಲ್ಲ. ಮಗು ಕಾಲ ಬುಡದಲ್ಲಿ ಕುಳಿತು ದಾರದ ಉಂಡೆಯನ್ನು ಆಡಿಸುತ್ತಿತ್ತು. ಮಗಳ ಪ್ರಾಣ ಕಾಯುವ ಜೇಬು ಹೊಲಿಯುತ್ತಿದ್ದೇನೆ ಎಂದು ಕಣ್ಣು ತುಂಬಿತು. ಮರುಗಳಿಗೆ, ಇದೇನು ಹೊಲಿಯುತ್ತಿದ್ದೇನೆ ಎಂದು ಮಿಷನ್ನು ನಿಲ್ಲಿಸಿಬಿಟ್ಟೆ. ಎರಡೂ ಒಂದೇ ಹೊಲಿಗೆಯಲ್ಲಿ.

ಆ ಶನಿವಾರ ಅವಳು ಗುರಿ ಕಲಿಸುವ ಜಾಗಕ್ಕೆ ಹೋದಳು. ಐವತ್ತು ಗುಂಡು ಹೊಡೆಯಬೇಕೆಂದು ಹೋದವಳು ಹದಿನೆಂಟಕ್ಕೆ ನಿಲ್ಲಿಸಿ ಬಂದಳು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಕಿತ್ತು ಕೆಂಪಗಾಗಿತ್ತು. ಮಣಿಕಟ್ಟು ಊದಿತ್ತು. ಮೊದಲೇ ಅವಳಿಗೆ ಆ ಹೆಬ್ಬೆರಳ ಬುಡದಲ್ಲಿ ನೋವಿತ್ತು. ಮಗುವನ್ನು ಎತ್ತಿ ಎತ್ತಿ ಬಾಣಂತಿಯರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಈಗ ಆ ನೋವಿನ ಮೇಲೆ ಈ ಒದೆ.

ಮಗು ತಾಯಿಯನ್ನು ಕಂಡು ಎರಡೂ ಕೈ ಚಾಚಿತು. ಮಗಳು ಬಗ್ಗಿ, ಕಂಕುಳಿಗೆ ಕೈ ಕೊಟ್ಟು, ಅರ್ಧಕ್ಕೆ ಎತ್ತಿ "ಅಮ್ಮಾ!" ಎಂದು ಕೂಗಿ ಮತ್ತೆ ಕೆಳಗೆ ಬಿಟ್ಟಳು. ಮಗು ಕಿಟಾರನೆ ಅತ್ತಿತು. ನಾನು ಓಡಿಹೋಗಿ ಎತ್ತಿಕೊಂಡೆ.

ಸಂಜೆ ಹರಳೆಣ್ಣೆ ಹಚ್ಚಿ ಉಪ್ಪಿನ ಶಾಖ ಕೊಟ್ಟೆ. ನನ್ನ ತಲೆಯೊಳಗೆ ಏನೂ ಕೂಡಿಬರಲಿಲ್ಲ. ಅಷ್ಟು ಸಣ್ಣ ಸಾಮಾನು, ನನ್ನ ಕತ್ತರಿಗಿಂತ ಹಗುರ, ಇವಳ ಕೈಯನ್ನು ಹೀಗೆ ಮಾಡಿತೇ? ಇವಳ ಕೈಯಲ್ಲೇ ಬಲವಿಲ್ಲ ಎಂದುಕೊಂಡೆ. ಮಾರನೆಯ ದಿನದಿಂದ ಎರಡು ಹೊತ್ತೂ ರಾಗಿಮುದ್ದೆ ಮಾಡಿ ತಿನ್ನಿಸಿದೆ. ಮುಂದಿನ ಶನಿವಾರ ಹನ್ನೆರಡು ಗುಂಡಿಗೇ ನಿಂತಳು.

"ಅದು ಒದೆಯೋದಕ್ಕೆ ಮುಂಚೆನೇ ನನ್ನ ಕೈ ಹೆದರಿಕೊಳ್ಳುತ್ತೆ ಅಪ್ಪಾಜಿ. ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ. ಗುಂಡು ನೆಲಕ್ಕೆ ಹೋಗುತ್ತೆ. ಹಿಂಗಾದ್ರೆ ನಾನು ಪಾಸಾಗಲ್ಲ."

"ಹೋಗ್ಲಿ ಬಿಡು" ಎಂದ ಅಳಿಯ.

"ಬಿಟ್ಟು? ಆ ಬಾಗಿಲಿಗೆ ಒರಗಿ ನಿಂತೋನನ್ನ ನೀನು ನೋಡಿಲ್ಲ."

ಪರೀಕ್ಷೆಗೆ ಆಗ ಆರು ವಾರವಿತ್ತು. ನಾನು ಊರಿಗೆ ಹೊರಡಲು ಎಂಟು ವಾರ.

ಆ ದಿನಗಳಲ್ಲಿ ಮಗು ಇಡೀ ಹೊತ್ತು ನನ್ನ ಬಳಿಯೇ ಇರುತ್ತಿತ್ತು. ಎದ್ದರೆ ನನ್ನ ಹತ್ತಿರ, ಹಸಿದರೆ ನನ್ನ ಹತ್ತಿರ, ನಿದ್ದೆ ಬಂದರೆ ನನ್ನ ಹೆಗಲು. ನನ್ನ ಬನಿಯನ್ನಿನ ತುಂಬ ಅದರ ಜೊಲ್ಲು. ಇಲ್ಲಿ ಒಂದು ಮಾತು ಬರೆಯಲೇಬೇಕು, ಬರೆಯದಿದ್ದರೆ ಇದೆಲ್ಲ ಬರೆದು ಉಪಯೋಗವಿಲ್ಲ. ಮಗಳು ಎಡಗೈಯಲ್ಲಿ ಚಮಚ ಹಿಡಿದು ತಿನ್ನುವುದನ್ನು ನೋಡಿದಾಗ ಎದ್ದು ಹೋಗಿ ನಾನೇ ತುತ್ತು ಕೊಡಬೇಕೆನಿಸುತ್ತಿತ್ತು. ಅದೇ ಗಳಿಗೆಯಲ್ಲಿ ಮೊಮ್ಮಗಳು ತಾಯಿಯನ್ನು ಬಿಟ್ಟು ನನ್ನ ಕಡೆಗೆ ತೆವಳಿ ಬಂದರೆ ಕುಣಿಯಬೇಕೆನಿಸುತ್ತಿತ್ತು. ಆ ಕೈ ಬೇಗ ವಾಸಿಯಾಗಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದೆ. ಮುಗಿದ ಕೈಗಳ ನಡುವೆ ಮಗು ತಲೆ ತೂರಿಸಿದರೆ ಏನು ಕೇಳುತ್ತಿದ್ದೆನೆಂಬುದೇ ಮರೆತುಹೋಗುತ್ತಿತ್ತು. ಇದು ಎಂಥ ಸಂತೋಷವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಭಾನುವಾರ ಕ್ಯಾಲಬಾಸಸ್ಸಿನ ದೇವಸ್ಥಾನಕ್ಕೆ ಹೊರಟೆವು. ಹೊಸ ಕಾರು ಕೊಂಡಾಗ ಅಲ್ಲಿಯೇ ಪೂಜೆ ಮಾಡಿಸಿದ್ದರಂತೆ. ಹಾಗಾದರೆ ಇದಕ್ಕೂ ಮಾಡಿಸೋಣ, ಆಯುಧ ತಾನೆ, ಕುಂಕುಮ ಬಿದ್ದರೆ ಒದೆಯುವುದು ನಿಂತೀತು ಎಂದೆ.

"ಅಪ್ಪಾಜಿ, ಅದನ್ನ ದೇವಸ್ಥಾನದೊಳಗೆ ತಗೊಂಡು ಹೋದ್ರೆ ದೇವರು ಹೊರಗೆ, ನಾನು ಜೈಲೊಳಗೆ" ಎಂದಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಪೂಜೆ ಮುಗಿಸಿ ಹೊರಗೆ ಪುಳಿಯೋಗರೆ ತಿನ್ನುತ್ತಾ ಕುಳಿತಿದ್ದಾಗ, ಪಕ್ಕದಲ್ಲಿದ್ದ ಹೆಂಗಸೊಬ್ಬರು ಮಗಳ ಕೈಯ ಪಟ್ಟಿ ನೋಡಿದರು. ಅರವತ್ತು ದಾಟಿದವರು, ಧಾರವಾಡದ ಕಡೆಯವರು, ಸ್ಯಾನ್ ಡಿಯಾಗೋದಲ್ಲಿ ಇಪ್ಪತ್ತೈದು ವರ್ಷದಿಂದ ಇದ್ದವರು.

"ಕೈಗೆ ಏನಾತವಾ? ಕುಕ್ಕರ್ ಸಿಡೀತೇನು?"

ಮಗಳು ಮೆಲ್ಲಗೆ ಹೇಳಿದಳು. ಆ ತಾಯಿ ಹೌಹಾರುತ್ತಾರೆ ಎಂದು ನಾನು ಕಾದೆ. ಅವರು ಸಾರಿನ ರುಚಿ ಕೇಳುವಷ್ಟು ಸಲೀಸಾಗಿ, "ಯಾವ ಅಳತಿದು ತಗೊಂಡಿ?" ಎಂದು ಕೇಳಿದರು. ಗಂಡ ಹೋದ ಮೇಲೆ ಅವರೂ ಒಂದು ಇಟ್ಟುಕೊಂಡಿದ್ದರು, ಪ್ರತಿ ಶನಿವಾರ ಗುರಿ ಹೊಡೆಯಲು ಹೋಗುತ್ತಿದ್ದರು. ಕೊರಳಲ್ಲಿ ರುದ್ರಾಕ್ಷಿ, ಚೀಲದಲ್ಲಿ ಪ್ರಸಾದ, ಬಾಯಲ್ಲಿ ತೋಟಾ ಗುಂಡಿನ ಲೆಕ್ಕ.

"ಮುಂದಿನ ಶನಿವಾರ ನಮ್ಮ ಕಡೆ ಬರ್ರಿ. ಅಣ್ಣಾವ್ರ, ನೀವೂ ಬರ್ರಿ. ಕೂಸಿಗೆ ಸಮುದ್ರ ತೋರಿಸಿದಂಗೂ ಆಗ್ತದ."

ಶನಿವಾರ ಮೂರು ಗಂಟೆ ಕಾರಿನಲ್ಲಿ ಕೂತು ಹೋದೆವು. ಅಳಿಯ ಮಗುವನ್ನು ಲಾ ಹೋಯಾದ ಸಮುದ್ರದ ಕಡೆ ಕರೆದುಕೊಂಡು ಹೋದ. ನಾವು ಆ ತಾಯಿಯ ಕಾರಿನಲ್ಲಿ ಊರಿನಿಂದ ಒಳಕ್ಕೆ, ಗುಡ್ಡದ ಬುಡದಲ್ಲಿದ್ದ ಗುರಿ ಹೊಡೆಯುವ ಜಾಗಕ್ಕೆ ಹೋದೆವು. ನನ್ನ ಕಿವಿಗೆ ದಪ್ಪ ಮುಚ್ಚಳ ಹಾಕಿ ಗಾಜಿನ ಹಿಂದೆ ನಿಲ್ಲಿಸಿದರು. ಒಳಗೆ ಹೋಗುವ ಮುಂಚೆ ಆ ತಾಯಿ ಮಗಳ ಪಿಸ್ತೂಲನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಇದನ್ನ ಯಾರು ಆರಿಸಿದರವಾ?" ಎಂದರು.

ಮಗಳು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಅಪ್ಪಾಜಿ ಟೈಲರ್. ರಟ್ಟಲ್ಲಿ ಮೂರು ಕತ್ತರಿಸಿ, ಜೇಬಲ್ಲಿ ಹಾಕಿ ನೋಡಿದ್ರು. ಇದು ಕಾಣಿಸ್ತಿರಲಿಲ್ಲ."

ಅವರು ನಕ್ಕ ನಗು ಕಿವಿಯ ಮುಚ್ಚಳ ದಾಟಿ ಬಂತು. "ರಟ್ಟಿನ ಪಿಸ್ತೂಲ ಒದಿಯಂಗಿಲ್ಲ ಬಿಡ್ರಿ ಅಣ್ಣಾವ್ರ! ಚಂದ ಆರಿಸೀರಿ!" ಎಂದವರು ಮಗಳ ಬೆರಳುಗಳನ್ನು ಹಿಡಿಗೆ ಒಂದೊಂದಾಗಿ ಸುತ್ತಿ ತೋರಿಸಿದರು. "ನೋಡ್ರಿ, ಹಿಡಿ ಎಷ್ಟು ಗಿಡ್ಡ ಅದ. ಕಿರುಬೆರಳಿಗೆ ಜಾಗಾನ ಇಲ್ಲ, ಗಾಳಿಯೊಳಗ ಜೋತಾಡತದ. ಹಿಡಿತ ಸಾಲದು. ಮ್ಯಾಲೆ ಸಾಮಾನು ಹಗರ. ಗುಂಡಿನ ಜೋರು ದೊಡ್ಡದರಷ್ಟ ಅದ, ಅದನ್ನ ನುಂಗಲಿಕ್ಕೆ ತೂಕ ಇಲ್ಲ. ಎಲ್ಲಾ ಬಂದು ಕೈಗೇ ಬಡೀತದ. ಸಣ್ಣದು ಇಟ್ಟುಕೊಳ್ಳಲಿಕ್ಕೆ ಆರಾಮ, ಹೊಡೀಲಿಕ್ಕೆ ಅಲ್ಲ."

ನನಗೆ ಅರ್ಥವಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಮಗಳು ಮೊದಲು ತನ್ನದರಲ್ಲೇ ಮೂರು ಗುಂಡು ಹೊಡೆದಳು. ಗಾಜಿನ ಹಿಂದಿನಿಂದ ಮೊದಲ ಸಲ ನೋಡಿದೆ: ಪ್ರತಿ ಸಲವೂ ಅವಳ ಎರಡೂ ಕೈ ಯಾರೋ ಕೆಳಗಿನಿಂದ ತಟ್ಟಿ ಎತ್ತಿದ ಹಾಗೆ ಮೇಲಕ್ಕೆ ಹಾರಿದವು. ಭುಜ ಕಿವಿಗೆ ಹತ್ತಿತು. ಆಮೇಲೆ ಆ ತಾಯಿ ತಮ್ಮ ಪಿಸ್ತೂಲು ಕೊಟ್ಟರು. ಉದ್ದದ್ದು, ಕಬ್ಬಿಣದ್ದು, ದಪ್ಪ ರಬ್ಬರಿನ ಹಿಡಿಯದ್ದು. ಗುಂಡು ಮಾತ್ರ ಅದೇ ಅಳತೆಯದು. ನಾನು ಕಣ್ಣು ಮುಚ್ಚಿಕೊಂಡೆ. ಇಷ್ಟು ಸಣ್ಣದು ಆ ಪಾಡು ಪಡಿಸಿದರೆ ಇಷ್ಟು ದೊಡ್ಡದು ಮಗಳ ಕೈಯನ್ನೇ ಕಿತ್ತುಕೊಂಡು ಹೋದೀತು ಎಂದು.

ಸದ್ದಾಯಿತು. ಕಣ್ಣು ಬಿಟ್ಟರೆ ಕೈ ಇದ್ದಲ್ಲೇ ಇತ್ತು. ಒಂದಿಷ್ಟು ತಲೆಯಾಡಿಸಿದಂತೆ ಮೇಲೆದ್ದು ಮತ್ತೆ ಕೆಳಗೆ ಕುಳಿತಿತು, ಅಷ್ಟೆ. ಮಗಳು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಮುಂದಿದೆ. ಕತ್ತಲೆ ಕೋಣೆಯಲ್ಲಿ ದೀಪದ ಗುಂಡಿ ಕೈಗೆ ಸಿಕ್ಕವಳ ಹಾಗೆ.

ಆಗ ನನಗೆ ನನ್ನ ಅಂಗಡಿ ನೆನಪಾಯಿತು. ನನ್ನ ಹಳೆಯ ಮಿಷನ್ನು ಬೀಡುಕಬ್ಬಿಣದ್ದು. ಗೋಣಿಯಂಥ ಬಟ್ಟೆ ಹೊಲಿದರೂ ಜಗ್ಗುತ್ತಿರಲಿಲ್ಲ. ಮಗಳ ಮನೆಯಲ್ಲಿ ಇದ್ದದ್ದು ಪ್ಲಾಸ್ಟಿಕ್ಕಿನದು, ಒಂದು ಕೈಯಲ್ಲಿ ಎತ್ತಬಹುದು. ಅದು ಕಳ್ಳಜೇಬಿನ ಕ್ಯಾನ್ವಾಸು ಹೊಲಿಯುವಾಗ ಮೇಜಿನ ಮೇಲೆಲ್ಲ ಕುಣಿದಾಡಿತ್ತು. ಒಂದು ಕೈಯಲ್ಲಿ ಅದನ್ನು ಒತ್ತಿಹಿಡಿದುಕೊಂಡೇ ಹೊಲಿದಿದ್ದೆ. ಸಂಜೆ ನನ್ನ ಭುಜ ನೋಯುತ್ತಿತ್ತು. ನಲವತ್ತು ವರ್ಷ ನನಗೆ ಗೊತ್ತಿದ್ದ ವಿಷಯ ಇದು. ಆದರೆ ನಾನು ಅಳೆದದ್ದು ಉದ್ದ ಅಗಲವನ್ನು. ರಟ್ಟಿಗೆ ತೂಕವೆಲ್ಲಿ? ಮುಟ್ಟಲು ಬಿಟ್ಟಿದ್ದರೆ ತಿಳಿಯುತ್ತಿತ್ತೋ ಏನೋ. ಹಾಗೆಂದು ಕಾನೂನಿನ ಮೇಲೆ ಹಾಕಿ ತಪ್ಪಿಸಿಕೊಳ್ಳಲಾರೆ. ಅಂಗಡಿಯವನು ಹೇಳಿದ್ದ. ನಾನೇ ಆಡಿನ ಮರಿ, ಎಮ್ಮೆ ಎಂದೆ.

ವಾಪಸು ಬರುವಾಗ ಕಾರಿನಲ್ಲಿ, "ನಿನ್ನ ಕೈಗೆ ನಾನೇ ಕೇಡು ಮಾಡಿದೆನಲ್ಲಮ್ಮಾ" ಎಂದೆ.

"ನಾನೇನು ಮಗೂನಾ ಅಪ್ಪಾಜಿ? ನಂಗೂ ಕಾಣಿಸದೇ ಇರೋದೇ ಬೇಕಿತ್ತು" ಎಂದು ಎಡಗೈಯಿಂದ ನನ್ನ ಮೊಣಕಾಲು ತಟ್ಟಿದಳು. "ಜೇಬು ಮಾತ್ರ ಸಖತ್ತಾಗಿದೆ. ಫೋನ್ ಇಟ್ಕೋತೀನಿ."

ಮಗು ನನ್ನ ಮತ್ತು ಅವಳ ನಡುವೆ ತನ್ನ ಸೀಟಿನಲ್ಲಿ ಮಲಗಿತ್ತು. ಮುಖಕ್ಕೆ ಸಮುದ್ರದ ಉಪ್ಪು. ಬಂಡೆಯ ಮೇಲಿನ ನೀರುನಾಯಿಯಂಥ ಪ್ರಾಣಿಗಳನ್ನು ನೋಡಿ ಚಪ್ಪಾಳೆ ಹೊಡೆಯಿತು ಎಂದು ಅಳಿಯ ಮೂರು ಸಲ ಹೇಳಿದ. ಮೊದಲ ಚಪ್ಪಾಳೆ! ನಾನು ಅಲ್ಲಿರಲಿಲ್ಲ.

ಮೂರು ವಾರ ಅವಳು ಪಿಸ್ತೂಲು ಮುಟ್ಟಲಿಲ್ಲ. ಮಗುವನ್ನೂ ಎತ್ತಲಿಲ್ಲ. ಡಾಕ್ಟರು ಕೊಟ್ಟ ಪಟ್ಟಿಯನ್ನು ಹೆಬ್ಬೆರಳಿಗೆ ಬಿಗಿದುಕೊಂಡೇ ಇದ್ದಳು. ಅಷ್ಟರಲ್ಲಿ ಆ ತಾಯಿಯದರಂಥ ದೊಡ್ಡದನ್ನು ಬರೆಸಿ, ಮತ್ತೆ ಹತ್ತು ದಿನ ಕಾದು ತಂದಳು. ಪರ್ಮಿಟ್ಟಿನ ಅರ್ಜಿಯಲ್ಲೂ ಅದನ್ನೇ ಸೇರಿಸಿದಳು. ಅದು ಯಾವ ಜೇಬಿಗೂ ಹಿಡಿಯುವಂಥದ್ದಲ್ಲ. ಸೊಂಟದ ಬೆಲ್ಟಿಗೆ ಸಿಕ್ಕಿಸಿ ಮೇಲೆ ಕೋಟು ಹಾಕಬೇಕು. ಕೋಟಿನ ಪಕ್ಕದ ಹೊಲಿಗೆ ಬಿಚ್ಚಿ ಒಂದೂವರೆ ಇಂಚು ಸಡಿಲ ಬಿಟ್ಟೆ. ಈ ಸಲ ರಟ್ಟು ಕತ್ತರಿಸಲಿಲ್ಲ. ಅವಳೇ ಅದನ್ನು ಸಿಕ್ಕಿಸಿಕೊಂಡು ನಿಂತಳು, ನಾನು ಕೋಟಿನ ಮೇಲಷ್ಟೇ ಗುರುತು ಹಾಕಿದೆ. ಕೊನೆಯ ಎರಡು ಶನಿವಾರ ಐವತ್ತು ಗುಂಡೂ ಹೊಡೆದು ಬಂದಳು. ಕೈ ಬಿಸಿಯಾಗಿತ್ತು, ಊದಿರಲಿಲ್ಲ.

ಪರೀಕ್ಷೆಯ ದಿನ ನಾನೂ ಮಗುವೂ ಮನೆಯಲ್ಲಿದ್ದೆವು. ಬೆಳಿಗ್ಗೆಯಿಂದ ನನಗೆ ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಪಾಸಾಗಲಿ ಎಂದರೆ ಮಗಳು ದಿನಾ ಸೊಂಟದಲ್ಲಿ ಅದನ್ನು ಹೊತ್ತು ತಿರುಗುತ್ತಾಳೆ. ಬೇಡ ಎಂದರೆ ಖಾಲಿ ಮನೆಯ ಬಾಗಿಲಿಗೆ ಒರಗಿ ಯಾರೋ ನಗುತ್ತಾರೆ. ಮಗುವಿಗೆ ಬಾಳೆಹಣ್ಣು ಕಿವುಚಿ ತಿನ್ನಿಸಿದೆ. ಅದು ಅರ್ಧ ತಿಂದು ಅರ್ಧ ನನ್ನ ತಲೆಗೆ ಹಚ್ಚಿತು.

ಮಧ್ಯಾಹ್ನ ಕಾರಿನ ಸದ್ದಾಯಿತು. ಮಗಳು ಒಳಗೆ ಬಂದು, ಮೊದಲು ಮೇಲೆ ಹೋಗಿ ಪೆಟ್ಟಿಗೆಯಲ್ಲಿ ಇಡಬೇಕಾದದ್ದನ್ನು ಇಟ್ಟು, ಕೈ ತೊಳೆದುಕೊಂಡು ಕೆಳಗೆ ಬಂದಳು. ನಾನು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೇ ಇದ್ದೆ.

"ಆಯ್ತು ಅಪ್ಪಾಜಿ. ಪಾಸು."

ನಾನು ಬಾಯಿ ತೆರೆಯುವುದರೊಳಗೆ ಅವಳು ಬಲಗೈ ಮುಂದೆ ಚಾಚಿದ್ದಳು. ಅದೇ ಕೈ. ಮಗು ಒಂದು ಗಳಿಗೆ ಆ ಕೈಯನ್ನು ನೋಡಿತು. ಹಿಂದೆ ಕೆಳಗೆ ಬಿಟ್ಟದ್ದು ಅದಕ್ಕೆ ನೆನಪಿತ್ತೋ ಏನೋ. ಆಮೇಲೆ ನನ್ನ ಎದೆಗೆ ಕಾಲು ಕೊಟ್ಟು ಒದ್ದು, ತಾಯಿಯ ಕಡೆ ಹಾರಿತು. ಅವಳು ಹಿಡಿದಳು. ಮುಖ ಕಿವುಚಲಿಲ್ಲ. ಒಂದೇ ಕೈಯಲ್ಲಿ ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಫ್ರಿಜ್ಜು ತೆಗೆದು, "ಅಯ್ಯೋ ಹಸಿವು, ಮೊಸರನ್ನ ಇದೆಯಾ ಅಪ್ಪಾಜಿ?" ಎಂದಳು.

ಇತ್ತು. ನಾನೇ ಕಲಸಿಟ್ಟಿದ್ದೆ. ಬಡಿಸುವಾಗ ನನಗೆ ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಬಡಿಸಿಯಾದ ಮೇಲೆ ಕೈಗಳು ಮಾತ್ರ, ಇಷ್ಟು ವಾರ ಮಗುವನ್ನು ಹೊತ್ತು ಅಭ್ಯಾಸವಾಗಿ, ಏನು ಮಾಡಬೇಕೆಂದು ತಿಳಿಯದೆ ಅತ್ತಿತ್ತ ಆಡುತ್ತಿದ್ದವು. ಮಗು ತಾಯಿಯ ತಟ್ಟೆಗೆ ಕೈ ಹಾಕಿ, ಅನ್ನ ಮುಖಕ್ಕೆಲ್ಲ ಬಳಿದುಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ತಿನ್ನುತ್ತಿತ್ತು.